ಓವರ್‌ಕ್ಲಾಕಿಂಗ್‌ಗೆ ಬೋರ್ಡ್ ಕೊಳ್ಳುವ ಮುನ್ನ ವಿಆರ್‌ಎಂ ನೋಡಿ

ಪ್ರಶ್ನೆ: ಕೋರ್ ಐ7-14700ಕೆ ಪ್ರೊಸೆಸರ್ ತಗೊಂಡಿದ್ದೇನೆ, ಓವರ್‌ಕ್ಲಾಕ್ ಮಾಡುವಾಸೆ (ಕಂಪನಿ ನಿಗದಿಪಡಿಸಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು). ಇಲ್ಲಿನ ಅಂಗಡಿಯವರು ಬಿ760 ಮದರ್‌ಬೋರ್ಡ್ ಸಾಕು ಅನ್ನುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ‘16 ಫೇಸ್’ ಎಂದು ಒಂದು ಝಡ್790 ತೋರಿಸಿದರು. ಏನು ನೋಡಿ ತೀರ್ಮಾನಿಸಲಿ?
— ಓದುಗರೊಬ್ಬರು, ಹಾಸನ

ಉತ್ತರ: ಬಿ760 ಬೇಡ. ಅದರಲ್ಲಿ ರ‍್ಯಾಮ್ ವೇಗ ಏರಿಸಬಹುದೇ ಹೊರತು ಪ್ರೊಸೆಸರಿನ ವೇಗ ನಿರ್ಧರಿಸುವ ಮಲ್ಟಿಪ್ಲೈಯರ್ ಏರಿಸಲಾಗದು. ಅದನ್ನು ಹಾಕಿದರೆ, ಓವರ್‌ಕ್ಲಾಕ್ ಮಾಡಬಹುದೆಂದು ಸೂಚಿಸುವ ‘ಕೆ’ ಅಕ್ಷರಕ್ಕೆ ನೀವು ಕೊಟ್ಟ ಹೆಚ್ಚುವರಿ ದುಡ್ಡು ದಂಡ.

ಹಾಗೆಂದು ಝಡ್790 ಬೋರ್ಡ್‌ಗಳೆಲ್ಲ ಒಂದೇ ಮಟ್ಟದವಲ್ಲ. ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ಟಿನ ಪವರ್ ಸಪ್ಲೈ) ಬರುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದೂಕಾಲು ವೋಲ್ಟ್ ಆಸುಪಾಸಿಗೆ ಇಳಿಸುವುದು ಬೋರ್ಡಿನ ಮೇಲಿನ ವಿಆರ್‌ಎಂ (ವೋಲ್ಟೇಜ್ ರೆಗ್ಯುಲೇಟರ್ ಮಾಡ್ಯೂಲ್). ಬೋರ್ಡಿನ ಯೋಗ್ಯತೆ ಗೊತ್ತಾಗುವುದು ಅಲ್ಲೇ. ಫೇಸ್ ಎಂದರೆ ಈ ಕೆಲಸವನ್ನು ಹಂಚಿಕೊಳ್ಳುವ ಒಂದೊಂದು ಸರ್ಕ್ಯೂಟ್. ‘16+1+1’ ಎಂದಿದ್ದರೆ ಕೋರ್‌ಗಳಿಗೆ ಸಲ್ಲುವುದು ಮೊದಲ ಸಂಖ್ಯೆ ಮಾತ್ರ. ಅದರಲ್ಲೂ ಎಂಟು ಫೇಸ್‌ಗೆ ಎರಡೆರಡು ಪವರ್ ಸ್ಟೇಜ್ (ಕರೆಂಟ್ ಹಾಯಿಸುವ ಚಿಪ್) ಜೋಡಿಸಿ ಹದಿನಾರು ಎಂದು ಬರೆಯುವುದುಂಟು. ಅದು ಮೋಸವೇನಲ್ಲ, ಕರೆಂಟ್ ಹೇಗೂ ಹಂಚಿಹೋಗುತ್ತದೆ. ನೀವು ಕೇಳಬೇಕಾದ್ದು ಒಂದೊಂದು ಸ್ಟೇಜ್ ಎಷ್ಟು ಆಂಪಿಯರ್‌ನದು ಎಂದು. ನಿಮ್ಮ ಪ್ರೊಸೆಸರಿನ ಗರಿಷ್ಠ ಟರ್ಬೊ ಪವರ್ 253 ವಾಟ್, 1.25 ವೋಲ್ಟ್‌ಗೆ ಅದು ಸುಮಾರು 200 ಆಂಪಿಯರ್. ಹದಿನಾರಕ್ಕೆ ಹಂಚಿದರೆ ತಲಾ 12-13. 60 ಆಂಪಿಯರ್‌ನ ಸ್ಟೇಜ್ ಇದನ್ನು ಆರಾಮಾಗಿ ತಡೆದುಕೊಳ್ಳುತ್ತದೆ.

ತೊಂದರೆ ಇರುವುದು ಬಿಸಿಯಲ್ಲಿ. ವಿಆರ್‌ಎಂ ದಕ್ಷತೆ ಶೇ. 90 ಎಂದಿಟ್ಟುಕೊಂಡರೂ 28 ವಾಟ್ ಬಿಸಿಯಾಗಿ ಅಲ್ಲೇ ಉಳಿಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಹೀಟ್‌ಸಿಂಕ್ ಮುಟ್ಟಿ ನೋಡಿ. ತಣ್ಣಗೆ, ಭಾರವಾಗಿ, ಗೀರುಗೀರಾಗಿ ಕೊರೆದ ಲೋಹವಾಗಿರಬೇಕು. ಬೋರ್ಡ್ ತಿರುವಿ ನೋಡಿದರೆ ಅದನ್ನು ಸ್ಕ್ರೂ ಹಾಕಿ ಬಿಗಿದಿರುವುದು ಕಾಣಬೇಕು. ಬಣ್ಣದ ದೀಪ ಹೊತ್ತ ಪ್ಲಾಸ್ಟಿಕ್ ಮುಚ್ಚಳ ಬಿಸಿಯನ್ನು ಒಳಗೇ ಕೂಡಿಹಾಕುತ್ತದೆ.

ಜೋಡಿಸಿದ ಮೇಲೆ ಪ್ರೊಸೆಸರಿಗೆ ಪೂರ್ತಿ ಹೊರೆ ಕೊಡುವ ಸಿನೆಬೆಂಚ್ ತಂತ್ರಾಂಶವನ್ನು ಅರ್ಧ ಗಂಟೆ ಬಿಡದೆ ಓಡಿಸಿ, ಬಿಸಿಯ ಅಳತೆ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ‘ವಿಆರ್‌ಎಂ’ ಅಥವಾ ‘ಮಾಸ್’ ಎಂಬ ಸಾಲು ನೋಡಿ. 90 ಡಿಗ್ರಿ ಒಳಗಿದ್ದರೆ ಚಿಂತೆಯಿಲ್ಲ. ಪ್ರೊಸೆಸರ್ ತಣ್ಣಗಿದ್ದೂ ವೇಗ ದಿಢೀರನೆ ಬಿದ್ದರೆ ವಿಆರ್‌ಎಂ ಸುಸ್ತಾಗಿದೆ ಎಂದೇ ಅನುಮಾನಿಸಿ. ವಾಟರ್ ಕೂಲರ್ ಹಾಕಿದವರಿಗೆ ಇದು ಹೆಚ್ಚು, ಏಕೆಂದರೆ ಸಾಕೆಟ್ ಸುತ್ತ ಗಾಳಿಯೇ ಆಡುವುದಿಲ್ಲ. ಆ ಮೂಲೆಗೆ 120 ಮಿ.ಮೀ. ಫ್ಯಾನ್ ತಿರುಗಿಸಿಡಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಬಿಡಬೇಡಿ. 13 ಮತ್ತು 14ನೇ ತಲೆಮಾರಿನ ಈ ಪ್ರೊಸೆಸರುಗಳು ಮಿತಿಮೀರಿದ ವೋಲ್ಟೇಜಿನಿಂದ ಹಾಳಾಗುತ್ತಿದ್ದುದನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ಮೈಕ್ರೊಕೋಡ್ (ಪ್ರೊಸೆಸರಿನೊಳಗಿನ ನಿಯಂತ್ರಣ ಕೋಡ್) ತಿದ್ದುಪಡಿ ಬಿಟ್ಟಿತು. ಮೈಕ್ರೊಕೋಡ್ 0ಎಕ್ಸ್12ಬಿ ಅಥವಾ ಅದಕ್ಕಿಂತ ಹೊಸದಿರುವ ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಹಾಕುವವರೆಗೆ ಒಂದು ಸೆಟ್ಟಿಂಗನ್ನೂ ಮುಟ್ಟಬೇಡಿ. ಒಮ್ಮೆ ಆದ ಹಾನಿಯನ್ನು ಅಪ್‌ಡೇಟ್ ಸರಿಪಡಿಸದು.

ಪ್ರಶ್ನೆ: ಲೋಡ್‌ಲೈನ್ ಕ್ಯಾಲಿಬ್ರೇಶನ್ ಅನ್ನು ಗರಿಷ್ಠ ಮಟ್ಟಕ್ಕೆ ಇಡಬಹುದೇ?
— ಓದುಗರೊಬ್ಬರು, ಅರಸೀಕೆರೆ

ಉತ್ತರ: ಬೇಡ. ಹೊರೆ ಬಿದ್ದಾಗ ಪ್ರೊಸೆಸರಿನ ವೋಲ್ಟೇಜ್ ಕುಸಿಯದಂತೆ ತಡೆಯುವ ಸೆಟ್ಟಿಂಗ್ ಇದು. ಗರಿಷ್ಠಕ್ಕಿಟ್ಟರೆ ಕೆಲಸದ ಹೊರೆ ಇಳಿದ ಕ್ಷಣ ವೋಲ್ಟೇಜ್ ನೀವು ಕೊಟ್ಟದ್ದಕ್ಕಿಂತ ಮೇಲಕ್ಕೆ ಚಿಮ್ಮುತ್ತದೆ. ಆ ಏರಿಕೆ ಎಷ್ಟು ಕ್ಷಣಿಕವೆಂದರೆ ಸಾಫ್ಟ್‌ವೇರಿನ ಕಣ್ಣಿಗೂ ಬೀಳದು. ನಡುವಿನ ಮಟ್ಟ ಸಾಕು.

ಪ್ರಶ್ನೆ: ಬಿ650 ಬೋರ್ಡ್, ರೈಜನ್ 7 7700. 16 ಜಿಬಿಯ ನಾಲ್ಕು ಡಿಡಿಆರ್5-6000 ರ‍್ಯಾಮ್ ಹಾಕಿ ಎಕ್ಸ್‌ಪೊ (ರ‍್ಯಾಮನ್ನು ಅದರ ಮೇಲೆ ಬರೆದ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿದರೆ ಸ್ಕ್ರೀನೇ ಬರುವುದಿಲ್ಲ. ಬೋರ್ಡ್ ಕೆಟ್ಟಿದೆಯೇ?
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಕೆಟ್ಟಿರಲಿಕ್ಕಿಲ್ಲ. ನಾಲ್ಕೂ ಸ್ಲಾಟ್ ತುಂಬಿದರೆ ಈ ಪ್ರೊಸೆಸರಿಗೆ ಎಎಂಡಿ ಹೇಳುವ ವೇಗ 3600 ಮಾತ್ರ. ಎರಡನ್ನು ತೆಗೆದು, ಉಳಿದೆರಡನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟಿಗೆ ಹಾಕಿ. 64 ಜಿಬಿ ಬೇಕೇಬೇಕೆಂದರೆ 32ರ ಎರಡರ ಕಿಟ್ ಕೊಳ್ಳಿ. ಮೊದಲ ಸಲ ಆನ್ ಮಾಡಿದಾಗ ರ‍್ಯಾಮ್ ಟ್ರೈನಿಂಗ್ (ಅದಕ್ಕೆ ತಕ್ಕ ಸೆಟ್ಟಿಂಗ್ ಹೊಂದಿಸಿಕೊಳ್ಳುವ ಕೆಲಸ) ಮುಗಿಯಲು ಕೆಲವು ನಿಮಿಷ ಬೇಕು. ಸ್ಕ್ರೀನ್ ಕಪ್ಪಗಿದೆಯೆಂದು ಗಾಬರಿಯಾಗಿ ಸ್ವಿಚ್ ಆರಿಸುವವರೇ ಹೆಚ್ಚು. ಆರಿಸಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರಿನೊಳಗೆ ರ‍್ಯಾಮ್ ನಿಯಂತ್ರಿಸುವ ಭಾಗದ್ದು) 1.3 ವೋಲ್ಟ್ ದಾಟಕೂಡದು. 2023ರಲ್ಲಿ ರೈಜನ್ 7000 ಪ್ರೊಸೆಸರುಗಳು ಸುಟ್ಟ ಮೇಲೆ ಬಂದ ಬಯೋಸ್‌ಗಳಲ್ಲಿ ಈ ಮಿತಿ ಇದೆ, ಹಳೆಯದಿದ್ದರೆ ಬದಲಿಸಿ.

ಪ್ರಶ್ನೆ: ನಮ್ಮಲ್ಲಿ ಮಳೆಗಾಲವೆಂದರೆ ಥಂಡಿ, ಮೇಲಿಂದ ಮೇಲೆ ಕರೆಂಟ್ ಹೋಗುತ್ತದೆ. ಓವರ್‌ಕ್ಲಾಕ್ ಮಾಡಬಹುದೇ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಥಂಡಿಗೆ ಹೆದರಬೇಕಿಲ್ಲ. ಸಾಮಾನ್ಯ ಏರ್ ಅಥವಾ ವಾಟರ್ ಕೂಲರಿನಲ್ಲಿ ಯಾವ ಭಾಗವೂ ಕೋಣೆಯ ಗಾಳಿಗಿಂತ ತಣ್ಣಗಾಗದು, ಹಾಗಾಗಿ ನೀರು ಕಟ್ಟದು. ತೇವ ಹೀರಿದ ದೂಳು ಮಾತ್ರ ಕೆಟ್ಟದ್ದು; ಆಗಾಗ ಬ್ರಷ್‌ನಿಂದ ತೆಗೆಯಿರಿ.

ಕರೆಂಟಿನ ವಿಷಯ ಬೇರೆ. ಬಯೋಸ್ ಬರೆಯುವ ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು. ಸೈನ್‌ವೇವ್ ಯುಪಿಎಸ್ ಇಟ್ಟುಕೊಳ್ಳಿ, ಬಯೋಸ್ ಫ್ಲಾಶ್‌ಬ್ಯಾಕ್ ಗುಂಡಿ ಇರುವ ಬೋರ್ಡನ್ನೇ ಆರಿಸಿ. ಎಫ್‌ಎಟಿ32 ಮಾಡಿದ ಪೆನ್‌ಡ್ರೈವಿಗೆ ಕೈಪಿಡಿ ಹೇಳಿದ ಹೆಸರಿನಲ್ಲೇ ಬಯೋಸ್ ಫೈಲ್ ಹಾಕಿ, ಗುರುತು ಹಾಕಿದ ಯುಎಸ್‌ಬಿ ಪೋರ್ಟಿಗೆ ಚುಚ್ಚಿ ಗುಂಡಿ ಒತ್ತಿ, ಮಿನುಗುವ ದೀಪ ನಿಲ್ಲುವವರೆಗೆ ಮುಟ್ಟಬೇಡಿ. ಸತ್ತ ಬಯೋಸನ್ನೂ ಇದು ಎಬ್ಬಿಸಬಲ್ಲದು. ಗುಡುಗು-ಸಿಡಿಲಿದ್ದಾಗ ಪ್ಲಗ್ ಜೊತೆ ಲ್ಯಾನ್ ಕೇಬಲನ್ನೂ ಕಿತ್ತಿಡಿ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆಂದರೆ ಅರ್ಥಿಂಗ್ ಸರಿಯಿಲ್ಲ. ಎಲೆಕ್ಟ್ರಿಷಿಯನ್ನರನ್ನು ಕರೆದು ಅದನ್ನು ಸರಿಪಡಿಸಿದ ಮೇಲೆಯೇ ಓವರ್‌ಕ್ಲಾಕಿಂಗ್‌ಗೆ ಕೈಹಾಕಿ.