ಹತ್ತನೇ ಕ್ಲಾಸಿನ ಮಗಳ ಜೊತೆ ನೋಡಲು

ಅಕ್ಕಾ, ಮಗಳ ಜೊತೆ ಕೂತು ನಗುತ್ತಾ ನೋಡುವ ಸಿನಿಮಾ ಕೇಳಿದ್ದೀರಿ. ಹತ್ತನೇ ಕ್ಲಾಸು, ಗಣಿತ ಅಂದ್ರೆ ಪುಸ್ತಕ ಮುಚ್ಚಿಡುತ್ತಾಳೆ ಅಂತಲೂ ಬರೆದಿದ್ದೀರಿ. ಹಾಗಾದರೆ ‘ನಿಲ್ ಬಟೇ ಸನ್ನಾಟಾ’ ನೋಡಿ. 2016ರ ಹಿಂದಿ ಸಿನಿಮಾ, ಅಶ್ವಿನಿ ಅಯ್ಯರ್ ತಿವಾರಿ ನಿರ್ದೇಶನ. ನಮ್ಮ ಕಲಬುರಗಿಯವರಿಗೆ ಹಿಂದಿ ಏನು ಕಷ್ಟ, ಬಜಾರಿನಲ್ಲಿ ದಿನಾ ಕೇಳುತ್ತೇವೆ ಅಲ್ವಾ.

ಆಗ್ರಾದಲ್ಲಿ ಮನೆಗೆಲಸ ಮಾಡುವ ಚಂದಾ. ಮಗಳು ಅಪೇಕ್ಷಾಗೆ ಓದಿನ ಮೇಲೆ ಮನಸ್ಸೇ ಇಲ್ಲ. ಕೆಲಸದವಳ ಮಗಳು ಕೆಲಸದವಳೇ ಆಗೋದು ಅನ್ನೋ ಮಾತು ಅವಳದು. ತಾಯಿ ಸುಮ್ನೆ ಕೂರುವುದಿಲ್ಲ. ತಾನೇ ಮಗಳ ಕ್ಲಾಸಿಗೆ ಸೇರಿಬಿಡುತ್ತಾಳೆ! ಮಗಳಿಗೆ ನಾಚಿಕೆ, ಸಿಟ್ಟು. ಆಮೇಲೆ ಗಣಿತದಲ್ಲಿ ಇಬ್ಬರ ನಡುವೆ ಪೈಪೋಟಿ. ತಾಯಿಯಾಗಿ ಸ್ವರಾ ಭಾಸ್ಕರ್ ಬಹಳ ಚೆನ್ನಾಗಿ ಮಾಡಿದ್ದಾರೆ. ಪ್ರಿನ್ಸಿಪಾಲರ ಪಾತ್ರದ ಪಂಕಜ್ ತ್ರಿಪಾಠಿ ಬಂದಾಗಲೆಲ್ಲ ನಗು.

ನಾನು ಅವ್ವನ ಜೊತೆ ನೋಡಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅವ್ವ. ಚಂದಾ ಬೆಂಚಿನ ಮೇಲೆ ಕೂತಾಗ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮಗಳು ತಾಯಿಗೆ ಆಡುವ ಕೆಲವು ಮಾತು ಚುಚ್ಚುತ್ತವೆ. ಆಗ ನಿಲ್ಲಿಸಿ ಬುದ್ಧಿ ಹೇಳಬೇಡಿ ಅಕ್ಕಾ. ಅವಳ ಪಕ್ಕ ಕೂತಿರಿ, ಸಾಕು.