ಮನೆ ಹಾಲಿಗೆ ಯಾವ ಆಕಳು?

ಪ್ರಶ್ನೆ: ಮನೆಯಲ್ಲಿ ಐದು ಜನ. ಒಂದು ಎಕರೆ ಅಡಿಕೆ ತೋಟ, ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಇದೆ. ಮನೆಗೆ ದಿನಕ್ಕೆ ಮೂರು ಲೀಟರ್ ಹಾಲು, ತೋಟಕ್ಕೆ ಗೊಬ್ಬರ ಸಿಕ್ಕರೆ ಸಾಕು. 14 ಲೀಟರ್ ಕೊಡುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ಎಂಬ ವಿದೇಶಿ ತಳಿ) ಮಿಶ್ರತಳಿ ಆಕಳು ಮಾರಾಟಕ್ಕಿದೆ. ತರಬಹುದೇ?
– ಓದುಗರೊಬ್ಬರು, ಶಿರಸಿ ತಾಲೂಕು

ಉತ್ತರ: ಬೇಡ. ಮೈ ಪೋಷಣೆಗೆ ಒಂದೂವರೆ ಕೆ.ಜಿ., ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ. ಎಂದರೂ ಅದಕ್ಕೆ ದಿನಕ್ಕೆ 7 ಕೆ.ಜಿ. ಹಿಂಡಿ ಬೇಕು. ಹಸಿಹುಲ್ಲು 25 ಕೆ.ಜಿ. ಬೇರೆ, ತೋಟದ ನೆರಳಲ್ಲಿ ಅಷ್ಟು ಬೆಳೆಯುವುದಿಲ್ಲ. ಖರ್ಚು ಉಳಿಸಲು ಹಿಂಡಿ ಕಡಿಮೆ ಮಾಡಿದರೆ ಆಕಳು ಸೊರಗಿ ಬೆದೆಗೇ ಬರುವುದಿಲ್ಲ. ಮಳೆಗಾಲದ ಒದ್ದೆ ಕೊಟ್ಟಿಗೆಯಲ್ಲಿ ಗೊರಸು ಮೆತ್ತಗಾಗುವುದು, ಕೆಚ್ಚಲುಬಾವು ಬರುವುದು ಇಂಥ ಭಾರದ, ದೊಡ್ಡ ಕೆಚ್ಚಲಿನ ದನಗಳಿಗೇ ಹೆಚ್ಚು.

ನಿಮ್ಮ ಅಗತ್ಯಕ್ಕೆ ನಮ್ಮ ಕಡೆಯ ಸಣ್ಣ ಗಾತ್ರದ ನಾಟಿ ತಳಿಯಾದ ಮಲೆನಾಡು ಗಿಡ್ಡ ಎರಡು ಹೊಂದುತ್ತವೆ. ಒಂದೊಂದು ದಿನಕ್ಕೆ ಒಂದೂವರೆ, ಎರಡು ಲೀಟರ್ ಕೊಟ್ಟೀತು. ಬೆಟ್ಟದಲ್ಲಿ ಮೇಯ್ದು, ಕರಡ (ಬೆಟ್ಟದ ಒಣಹುಲ್ಲು), ಅಕ್ಕಚ್ಚು (ಅಕ್ಕಿ ತೊಳೆದ ನೀರು), ಒಂದು ಕೆ.ಜಿ. ಹಿಂಡಿಯಲ್ಲಿ ಸುಧಾರಿಸುತ್ತವೆ. ಎರಡೂ ಒಟ್ಟಿಗೆ ಬತ್ತದಂತೆ, ಕರು ಹಾಕಿದ್ದರಲ್ಲಿ ಐದಾರು ತಿಂಗಳ ಅಂತರವಿರುವಂಥವನ್ನು ಆರಿಸಿ. ಆದರೂ ಒಂದೇ ಕರೆಯುವ ತಿಂಗಳುಗಳಲ್ಲಿ ಹಾಲು ಕೊಳ್ಳಬೇಕಾದೀತು. ಕರು ಇಲ್ಲದಿದ್ದರೆ ಗಿಡ್ಡಗಳು ಸೊರೆ ಬಿಡುವುದು (ಕೆಚ್ಚಲಿಗೆ ಹಾಲಿಳಿಸುವುದು) ಕಷ್ಟ. ಕರುವಿನ ಪಾಲು ಬಿಟ್ಟೇ ಲೆಕ್ಕ ಹಾಕಿ. ಹಾಲು ಹೆಚ್ಚಿಸುವ ಆಸೆಗೆ ಇವಕ್ಕೆ ಎಚ್‌ಎಫ್ ವೀರ್ಯ ಕೊಡಿಸಬೇಡಿ. ಕರು ದೊಡ್ಡದಾಗಿ ಹೆರಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದೇ ಆಕಳು ಸಾಕೆನ್ನುವುದಾದರೆ ಎರಡನೇ ಅಥವಾ ಮೂರನೇ ಸೂಲಿನ, 6–7 ಲೀಟರಿನ ಜರ್ಸಿ ಮಿಶ್ರತಳಿ ನೋಡಿ.

ಕೊಳ್ಳಲು ಸಂಜೆ ಹೋಗಿ, ಎದುರಿಗೇ ಪೂರ್ತಿ ಕರೆಸಿ. ಆ ಹಾಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಿಂದಿನ ಹೊತ್ತು ಕರೆಯದೆ ಕೆಚ್ಚಲು ತುಂಬಿಸಿಟ್ಟಿರಬಹುದು. ಮರುದಿನದ ಎರಡು ಹೊತ್ತಿನದೇ ನಿಜವಾದ ಅಳತೆ. ಒಂದು ಹೊತ್ತು ನೀವೇ ಕೂತು ಕರೆಯಿರಿ, ಒದೆಯುವ ಚಾಳಿ ಆಗ ಗೊತ್ತಾಗುತ್ತದೆ. ನಾಲ್ಕೂ ಮೊಲೆಯ ಮೊದಲ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ: ಗಡ್ಡೆ, ಎಳೆ ಕಂಡರೆ ಬಾವು ಇದೆ. ಕರೆದ ಮೇಲೆ ಕೆಚ್ಚಲು ಬರಿದಾದ ಚೀಲದಂತೆ ಕುಗ್ಗಬೇಕು. ಒಳಗೆ ಗಂಟು ಸಿಕ್ಕರೆ ಹಳೆಯ ಬಾವು ಗಟ್ಟಿಯಾಗಿದೆ ಎಂದರ್ಥ, ಎಷ್ಟೇ ಅಗ್ಗವಿದ್ದರೂ ಬಿಟ್ಟುಬನ್ನಿ. ಕೆಳದವಡೆಯ ಎಂಟೂ ಮುಂಹಲ್ಲು ಬಲಿತಿದ್ದರೆ ಐದು ವರ್ಷದ ಆಸುಪಾಸು. ಸವೆದು ಮೊಂಡಾಗಿದ್ದರೆ ಮುದಿ. ಗಬ್ಬ ಎಂದು ಹೇಳಿ ಬೆಲೆ ಏರಿಸಿದರೆ ಪಶುವೈದ್ಯರಿಂದ ನೋಡಿಸಿ, ಮೂರು ತಿಂಗಳಾಗಿದ್ದರೆ ಖಚಿತವಾಗಿ ಹೇಳುತ್ತಾರೆ. ಅದೇ ಹೊತ್ತಿಗೆ ಬ್ರುಸೆಲ್ಲಾ ರಕ್ತಪರೀಕ್ಷೆಗೂ ಕೊಡಿ. ದನಕ್ಕೆ ಕಂದು ಹಾಕಿಸುವ (ಗರ್ಭಪಾತ ಮಾಡಿಸುವ) ಈ ರೋಗ ಹಸಿ ಹಾಲಿನಿಂದ ಮನುಷ್ಯರಿಗೂ ಬರುತ್ತದೆ.

ಶಿರಸಿ, ಸಿದ್ದಾಪುರದ ಕಡೆ ಉಣುಗಿನಿಂದ ಹರಡುವ ಮಂಗನಕಾಯಿಲೆಯ ಭಯವಿರುವುದರಿಂದ ಬೆಟ್ಟಕ್ಕೆ ಹೋಗಿಬಂದ ದನದ ಕಿವಿ, ಕೆಚ್ಚಲ ಬುಡ ದಿನಾ ನೋಡಿ. ಉಣುಗನ್ನು ಬರಿಗೈಯಲ್ಲಿ ಹಿಸುಕಬೇಡಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ಹಾವೇರಿ ಕಡೆಯಿಂದ ಜರ್ಸಿ ಮಿಶ್ರತಳಿ ತಂದೆವು. ಎಂಟು ಲೀಟರ್ ಇದ್ದದ್ದು ಐದಕ್ಕೆ ಇಳಿದಿದೆ, ಮಧ್ಯಾಹ್ನ ಏದುಸಿರು ಬಿಡುತ್ತದೆ. ಮೋಸ ಹೋದೆವೇ?
– ಓದುಗರೊಬ್ಬರು, ಅಂಕೋಲಾ

ಉತ್ತರ: ಮೋಸವೇ ಆಗಿರಬೇಕೆಂದಿಲ್ಲ. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯದ ದನ ಮೇವು ಬಿಡುತ್ತದೆ. ತಗಡಿನ ಮಾಡಿಗೆ ತೆಂಗಿನ ಮಡಲು ಹೊದೆಸಿ. ಮೈಗೆ ನೀರು ಹಾಕಿದರೆ ಫ್ಯಾನೂ ಇರಲಿ, ಗಾಳಿಯಿಲ್ಲದೆ ನೀರಷ್ಟೇ ಹಾಕಿದರೆ ಕೊಟ್ಟಿಗೆಯ ತೇವ ಹೆಚ್ಚುತ್ತದೆ. ಮೇವನ್ನು ಬೆಳಗಿನ ಜಾವ ಮತ್ತು ರಾತ್ರಿ ಕೊಡಿ, ಕುಡಿಯುವ ನೀರು ಯಾವಾಗಲೂ ಮುಂದಿರಲಿ. ಹಿಂಡಿ ಒಮ್ಮೆಲೇ ಬದಲಾಗಿದ್ದರೂ ಹಾಲು ಇಳಿಯುತ್ತದೆ. ಹಳೆಯದನ್ನೂ ಹೊಸದನ್ನೂ ಬೆರೆಸಿ, ಹತ್ತು ಹದಿನೈದು ದಿನಗಳಲ್ಲಿ ಬದಲಿಸಬೇಕು.

ಬೆಳಗಿನ ತಂಪಿನಲ್ಲೂ ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ, ವಸಡು ಬಿಳಿಚಿದ್ದರೆ, ಮೂತ್ರ ಕೆಂಪಾಗಿದ್ದರೆ ಅದು ಸೆಕೆಯಲ್ಲ, ಉಣುಗಿನಿಂದ ಬರುವ ಜ್ವರವಿರಬಹುದು. ಅದೇ ದಿನ ವೈದ್ಯರನ್ನು ಕರೆಸಿ.