ಮಾಳಿಗೆ ಮೇಲೆ ದೆವ್ವದ ಸಿನಿಮಾ ಹಾಕಿದರೆ ಎಲ್ಲರೂ ನಗುತ್ತಾರೆ ಅಂದವರಿಗೆ

ತಪ್ಪು ಬಹುಶಃ ನಿಮ್ಮ ಗೆಳೆಯರದ್ದಲ್ಲ, ಆರಿಸಿದ ಸಿನಿಮಾಗಳದ್ದು. ವಿಜಯಪುರದ ಮನೆ ಮಾಳಿಗೆಯಲ್ಲಿ ಪ್ರೊಜೆಕ್ಟರ್ ಇಟ್ಟು ನೀವು ಹಾಕಿದ ಮೂರೂ ದಿಢೀರ್ ಸದ್ದು ಮಾಡಿ ಬೆಚ್ಚಿಬೀಳಿಸುವಂಥವು. ಚುರುಮುರಿ ತಿನ್ನುತ್ತಾ ಕೂತ ಗುಂಪಿಗೆ ಅದು ಎರಡನೇ ಸಲಕ್ಕೇ ತಮಾಷೆ. ಬಾಗಲಕೋಟೆಯ ನಮ್ಮ ಮನೆಯಲ್ಲೂ ಹೀಗೇ ಆಗಿತ್ತು.

ಮೊದಲು 2022ರ ಮಲಯಾಳಂ ‘ಭೂತಕಾಲಂ’ ಹಾಕಿ. ತಾಯಿ, ಮಗ, ಒಂದು ಬಾಡಿಗೆ ಮನೆ, ಅಷ್ಟೇ. ಶುರುವಿನಲ್ಲಿ ನಿಧಾನ, ಯಾರನ್ನೂ ಎದ್ದು ಹೋಗಲು ಬಿಡಬೇಡಿ.

ಅದು ಹಿಡಿಸಿದರೆ 1980ರ ‘ದಿ ಚೇಂಜ್‌ಲಿಂಗ್’. ವರ್ಷ ನೋಡಿಕೊಳ್ಳಿ, ಹೆಚ್ಚುಕಮ್ಮಿ ಇದೇ ಹೆಸರಿನ 2008ರದ್ದು ದೆವ್ವದ ಸಿನಿಮಾ ಅಲ್ಲ. 1980ರದ್ದರಲ್ಲಿ ದೊಡ್ಡ ಮನೆಯ ಮೆಟ್ಟಿಲಿನಿಂದ ಪುಟ್ಟ ಚೆಂಡೊಂದು ಟಪ್ ಟಪ್ ಅಂತ ಇಳಿದು ಬರುತ್ತದೆ. ಆ ದೃಶ್ಯದಲ್ಲಿ ರಕ್ತ ಇಲ್ಲ, ಕಿರುಚಾಟ ಇಲ್ಲ. ನಾವು ಇದನ್ನು ನೋಡಿದ ರಾತ್ರಿ ನಮ್ಮ ಮಾಮಾ ಒಬ್ಬರೇ ಮಾಳಿಗೆ ಇಳಿಯಲು ಹೆದರಿದರು!

ಆಸ್ಟ್ರೇಲಿಯಾದ ‘ಲೇಕ್ ಮಂಗೊ’ ಕೊನೆಗಿರಲಿ. 2008ರದ್ದು, ಸಾಕ್ಷ್ಯಚಿತ್ರದ ಹಾಗೆ ತೆಗೆದಿದ್ದಾರೆ. ಗುಂಪಿಗೆ ಹೊಂದುತ್ತದೋ ಇಲ್ಲವೋ, ನನಗೂ ಅನುಮಾನ. ಇಬ್ಬರು ಮೂವರೇ ಇದ್ದಾಗ ನೋಡಿ. ಕೊನೆಯಲ್ಲಿ ಹೆಸರುಗಳು ಬರುವಾಗ ಮಾತ್ರ ಆಫ್ ಮಾಡಬೇಡಿ.

ಪ್ರೊಜೆಕ್ಟರ್‌ನ ಸ್ಪೀಕರ್ ನಂಬಬೇಡಿ. ಬಯಲಲ್ಲಿ ಪಿಸುಮಾತು ಗಾಳಿಗೆ ಹಾರಿಹೋಗುತ್ತದೆ, ಅದೇನು ಗೋಲಗುಮ್ಮಟ ಅಲ್ವಲ್ಲ. ಬೇರೆ ಸ್ಪೀಕರ್ ಜೋಡಿಸಿ ಪರದೆಯ ಕೆಳಗಿಡಿ, ಮೆಟ್ಟಿಲ ಬಲ್ಬ್ ಆರಿಸಿ, ಚುರುಮುರಿ ಖಾಲಿಯಾದ ಮೇಲೆಯೇ ಶುರು ಮಾಡಿ.